ಬಾಲದಲ್ಲಿ ಕೂತ ಹತ್ತು ಗ್ರಾಂ

ಡಿಸೆಂಬರ್ ಬಂತೆಂದರೆ ನನ್ನ ವರ್ಕ್‌ಶಾಪಿಗೆ ವಿಮಾನಗಳು ಬರಲು ಶುರುವಾಗುತ್ತವೆ. ಮಳೆಗಾಲದಲ್ಲಿ ಮನೆಯೊಳಗೆ ಕೂತು ಕಟ್ಟಿದವು. ಏಣೆಲು ಬೆಳೆ ಕಟಾವಾಗಿ ಬೈಲು ಗದ್ದೆಗಳು ಖಾಲಿಯಾದ ಮೇಲೆ ಹಾರಿಸಿ ನೋಡಿ, ಮೂತಿ ಮುರಿದುಕೊಂಡು, ಸ್ಕೂಟರಿನ ಹಿಂದೆ ಕೂತವರ ತೊಡೆಯ ಮೇಲೆ ಇಲ್ಲಿಗೆ ಬಂದು ತಲುಪುತ್ತವೆ. ನಾನು ಕಾಲೇಜು ಹುಡುಗರಿಗೆ ರೇಡಿಯೋ ಕಂಟ್ರೋಲ್ ವಿಮಾನ ಕಟ್ಟುವುದನ್ನು ಹೇಳಿಕೊಡುವವನು, ಕೆಟ್ಟದ್ದನ್ನು ರಿಪೇರಿಯೂ ಮಾಡುತ್ತೇನೆ. ಬರುವ ಹತ್ತರಲ್ಲಿ ಏಳೆಂಟರ ಕಾಯಿಲೆ ಒಂದೇ. ಬಾಲ ಭಾರ.

ಮೊನ್ನೆ ಕಟಪಾಡಿ ಕಡೆಯ ಪಿಯುಸಿ ಹುಡುಗನೊಬ್ಬ ಬಂದಿದ್ದ. ಫೋಮ್ ಬೋರ್ಡಿನ ಟ್ರೇನರ್ ವಿಮಾನ, ರೆಕ್ಕೆ ಒಂದು ಮೀಟರ್ ಉದ್ದ, 20 ಸೆಂ.ಮೀ. ಅಗಲ. ಕೆಲಸ ನೀಟಾಗಿತ್ತು, ಅಂಚುಗಳು ನೇರ, ಬಣ್ಣವೂ ಚೆಂದ. "ಸರ್, ಕೈಯಿಂದ ಬಿಟ್ಟ ಕೂಡಲೇ ಮೂತಿ ಮೇಲೆತ್ತುತ್ತದೆ, ಎಲಿವೇಟರ್ ಎಷ್ಟು ಕೆಳಗೆ ಕೊಟ್ಟರೂ ಕೇಳುವುದಿಲ್ಲ, ಮತ್ತೆ ಬಾಲದ ಮೇಲೆ ಕೂತುಬಿಡ್ತದೆ" ಎಂದ. ಎಲಿವೇಟರ್ ಅಂದರೆ ಮೂತಿ ಏರಿಸಿ ಇಳಿಸಲು ಬಾಲದಲ್ಲಿರುವ ಚಲಿಸುವ ಪಟ್ಟಿ. ಮೋಟಾರಿಗೆ ಶಕ್ತಿ ಸಾಲದು ಅಂತ ಅವನ ಅಂದಾಜು. ಅವನ ಹತ್ತಿರ ಇದ್ದದ್ದು 2212 ಮೋಟಾರ್, 1000 ಕೆ.ವಿ. (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು), 10 ಇಂಚಿನ ಪ್ರೊಪೆಲ್ಲರ್, ಮೂರು ಸೆಲ್ಲಿನ 2200 ಎಂ.ಎ.ಎಚ್. ಲಿಪೊ ಬ್ಯಾಟರಿ. ಈ ಅಳತೆಯ ವಿಮಾನಕ್ಕೆ ಇದು ಧಾರಾಳ ಸಾಕು.

ನಾನು ಮೊದಲು ಮಾಡಿದ್ದು ಎರಡೇ ಕೆಲಸ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟೆ: 870 ಗ್ರಾಂ. ಆಮೇಲೆ ರೆಕ್ಕೆಯ ಅಡಿಗೆ ಎರಡೂ ಕಡೆ ತೋರುಬೆರಳು ಕೊಟ್ಟು ಎತ್ತಿದೆ. ಅದು ಸಮತೋಲಕ್ಕೆ ಬಂದದ್ದು ರೆಕ್ಕೆಯ ಮುಂದಿನ ಅಂಚಿನಿಂದ ಒಂಬತ್ತೂವರೆ ಸೆಂ.ಮೀ. ಹಿಂದೆ. ಅಂದರೆ ಹತ್ತಿರಹತ್ತಿರ ರೆಕ್ಕೆಯ ನಡುಮಧ್ಯದಲ್ಲಿ. ಇಂಥ ನೇರ ರೆಕ್ಕೆಗೆ ಸಿ.ಜಿ., ಅಂದರೆ ಭಾರದ ಕೇಂದ್ರ, ಇರಬೇಕಾದ್ದು ಅಗಲದ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದ ಒಳಗೆ, 5ರಿಂದ ಆರೂವರೆ ಸೆಂ.ಮೀ.

ಶಟಲ್ ಕಾಕ್ ನೋಡಿದ್ದೀರಲ್ವಾ. ಹೇಗೆ ಹೊಡೆದರೂ ಬೆಂಡು ಮುಂದೆ, ಗರಿ ಹಿಂದೆ ಆಗಿಯೇ ಹೋಗುತ್ತದೆ. ಭಾರ ಮುಂದಿದೆ, ಗಾಳಿ ಹಿಡಿಯುವ ಭಾಗ ಹಿಂದಿದೆ, ಅದಕ್ಕೇ. ವಿಮಾನದ ಬಾಲವೂ ಆ ಗರಿಯ ಕೆಲಸವನ್ನೇ ಮಾಡುತ್ತದೆ. ಭಾರ ಹಿಂದೆ ಸರಿದಷ್ಟೂ ಗರಿಗೆ ಹಿಡಿತ ತಪ್ಪುತ್ತದೆ. ಒಂದು ಗಡಿ ದಾಟಿದ ಮೇಲೆ ಮೂತಿ ಸ್ವಲ್ಪ ಎದ್ದರೆ ತಾನಾಗಿ ಇಳಿಯುವುದಿಲ್ಲ, ಇನ್ನೂ ಏಳುತ್ತದೆ. ಆಗ ಎಂಥ ಮೋಟಾರ್ ಹಾಕಿದರೂ ಅಷ್ಟೇ.

ಇಲ್ಲಿ ಒಂದು ಲೆಕ್ಕ ಎಲ್ಲರೂ ಬರೆದಿಟ್ಟುಕೊಳ್ಳಬೇಕು. ಹುಡುಗನ ವಿಮಾನದಲ್ಲಿ ಬಾಲವು ಸಿ.ಜಿ.ಯಿಂದ 55 ಸೆಂ.ಮೀ. ಹಿಂದಿತ್ತು. ಮೂತಿಯಲ್ಲಿ ಭಾರ ಇಡಲು ಸಿಗುವ ಜಾಗ ಸಿ.ಜಿ.ಯಿಂದ ಬರೀ 14 ಸೆಂ.ಮೀ. ಮುಂದೆ. ಒಂದಕ್ಕೆ ನಾಲ್ಕರ ಲೆಕ್ಕ ಆಯಿತು. ಬಾಲದಲ್ಲಿ ಕೂತ 10 ಗ್ರಾಂ ಅನ್ನು ಸರಿದೂಗಿಸಲು ಮೂತಿಗೆ 40 ಗ್ರಾಂ ಬೇಕು. ವಿಮಾನಕ್ಕೆ ಒಟ್ಟು 50 ಗ್ರಾಂ ಏರಿತು. ಬಂಡಿಯ ಮೂಕಿ ಹಿಡಿದವರಿಗೆ, ಏತ ಎಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವನ ಬಾಲದಲ್ಲಿ ಏನೇನಿತ್ತು? ಎಲಿವೇಟರಿಗೆ ಒಂದು, ಎಡಬಲ ತಿರುಗಿಸುವ ರಡ್ಡರಿಗೆ ಒಂದು, 9 ಗ್ರಾಮಿನ ಎರಡು ಸರ್ವೊಗಳನ್ನು (ಆ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್) ಬಾಲದ ಹತ್ತಿರವೇ ಅಂಟಿಸಿದ್ದ. ತಂತಿ ಗಿಡ್ಡ ಆದರೆ ಕಂಟ್ರೋಲ್ ಬಿಗಿಯಾಗಿರುತ್ತದೆ ಅಂತ. ಯೋಚನೆ ತಪ್ಪಲ್ಲ, ಜಾಗ ತಪ್ಪು. ಮತ್ತೆ ಮೂರು ಸಲ ಬಿದ್ದಾಗಲೂ ಮುರಿದಲ್ಲೆಲ್ಲ ಹಾಟ್ ಗ್ಲೂ ಸುರಿದು, ಮೇಲಿಂದ ಪ್ಯಾಕಿಂಗ್ ಟೇಪ್ ಸುತ್ತಿದ್ದ. 7 ಮಿ.ಮೀ. ದಪ್ಪದ ಸಣ್ಣ ಅಂಟುಕಡ್ಡಿ ಒಂದು ಸುಮಾರು ಆರೇಳು ಗ್ರಾಂ ಇರುತ್ತದೆ. ಅಂಥವು ಎರಡರಷ್ಟು ಆ ಬಾಲದಲ್ಲೇ ಇತ್ತು. ನಾನು ಬ್ಲೇಡಿನಿಂದ ಕೆರೆದು ತೆಗೆದ ಅಂಟು, ಟೇಪು ಎಲ್ಲ ಸೇರಿ 16 ಗ್ರಾಂ ತೂಗಿತು. ಒಂದೊಂದು ರಿಪೇರಿಯೂ ವಿಮಾನವನ್ನು ಇನ್ನಷ್ಟು ಬೀಳುವ ಹಾಗೆ ಮಾಡುತ್ತಾ ಬಂದಿತ್ತು. ಪಾಪ, ಅವನಿಗೆ ಗೊತ್ತಾಗಲಿಲ್ಲ.

ಸರ್ವೊ ಎರಡನ್ನೂ ಕಿತ್ತು ರೆಕ್ಕೆಯ ಅಡಿಗೆ, ಸಿ.ಜಿ.ಯ ಹತ್ತಿರ ತಂದೆವು. ಈಗ ಪುಶ್‌ರಾಡ್ (ಸರ್ವೊದಿಂದ ಬಾಲದ ಪಟ್ಟಿಗೆ ಹೋಗುವ ತಂತಿ) ಉದ್ದ ಬೇಕು. ಉದ್ದ ತಂತಿ ನಡುವೆ ಬಾಗುತ್ತದೆ ಅನ್ನುವುದು ಎಲ್ಲರ ದೂರು. ಬಾಗದಿರಲು ಖಾಲಿ ಬಾಲ್‌ಪೆನ್ ರೀಫಿಲ್ ಕತ್ತರಿಸಿ, ಎರಡೆರಡು ಇಂಚಿನ ತುಂಡುಗಳನ್ನು ಒಡಲಿನ ಒಳಗೆ ಮೂರು ಕಡೆ ಅಂಟಿಸಿ, ಅದರೊಳಗೆ ತಂತಿ ಹಾಯಿಸಿದರೆ ಸಾಕು. ತಂತಿಗೆ ನಾನು ಹಳೇ ಕೊಡೆಯನ್ನು ಬಿಚ್ಚುತ್ತೇನೆ. ನಮ್ಮ ಊರಲ್ಲಿ ಪ್ರತಿ ಮನೆಯ ಮೂಲೆಯಲ್ಲೂ ಮುರಿದ ಕೊಡೆ ಒಂದಾದರೂ ಉಂಟು. ಅದರ ಸಪೂರ ಕಡ್ಡಿ ಹಗುರ, ಗಟ್ಟಿ. ತೀರಾ ದಪ್ಪ ಇದ್ದು ರೀಫಿಲ್ಲಿನಲ್ಲಿ ಸಿಕ್ಕಿಹಾಕಿಕೊಳ್ಳುವ ಹಾಗಿದ್ದರೆ ಬೇಡ, ಸಲೀಸಾಗಿ ಓಡಬೇಕು. ಸೈಕಲ್ ಕಡ್ಡಿ ಗಟ್ಟಿಯೇ, ಆದರೆ ಈ ಗಾತ್ರದ ವಿಮಾನಕ್ಕೆ ಭಾರ ಜಾಸ್ತಿ.

ಆಮೇಲೆ ಮೂತಿ. ಹುಡುಗ ಮೂತಿಗೆ ಸೀಸ ಕಟ್ಟೋಣ ಅಂದ. ನನಗೆ ಸೀಸ ಇಷ್ಟವಿಲ್ಲ. ಹಾರಾಟಕ್ಕೆ ಏನೂ ಕೊಡದ ಭಾರ ಅದು. ಅದರ ಬದಲು ಮೂತಿಯನ್ನು 4 ಸೆಂ.ಮೀ. ಉದ್ದ ಮಾಡಿ, ಮೋಟಾರ್ ಕೂರುವ ಪ್ಲೈವುಡ್ ತುಂಡನ್ನು ಮುಂದೆ ಒಯ್ದೆವು, ಬ್ಯಾಟರಿಯನ್ನು 5 ಸೆಂ.ಮೀ. ಮುಂದೆ ದೂಡಿದೆವು. ಆ ಬ್ಯಾಟರಿಯೇ ಸುಮಾರು 180 ಗ್ರಾಂ, ವಿಮಾನದಲ್ಲಿ ಅತಿ ಭಾರದ ವಸ್ತು. ಅದನ್ನು ಸರಿಸುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೋಟಾರನ್ನು ಪುನಃ ಕೂರಿಸುವಾಗ ಎರಡು ಮೂರು ಡಿಗ್ರಿಯಷ್ಟು ಬಲಕ್ಕೆ, ಅಷ್ಟೇ ಕೆಳಕ್ಕೆ ತಿರುಗಿಸಿ ಕೂರಿಸಿದೆವು. ಪ್ರೊಪೆಲ್ಲರ್ ತಿರುಗುವಾಗ ವಿಮಾನವನ್ನು ಎಡಕ್ಕೆ ಎಳೆಯುತ್ತದೆ, ವೇಗ ಕೊಟ್ಟಾಗ ಮೇಲಕ್ಕೂ ಎತ್ತುತ್ತದೆ, ಅದಕ್ಕೆ. ಈ ಎಲ್ಲ ಆದ ಮೇಲೆ ತೂಕ ಸುಮಾರು 855 ಗ್ರಾಂ, ಸಮತೋಲ 6 ಸೆಂ.ಮೀ. ಹತ್ತಿರ. ಒಂದು ಗ್ರಾಂ ಸೀಸ ಇಲ್ಲ.

ತೂಕ ಯಾಕೆ ಇಷ್ಟು ಮುಖ್ಯ ಅಂತ ಕೇಳುವವರಿಗೆ: ಇದೇ ರೆಕ್ಕೆಯ ವಿಮಾನ 600 ಗ್ರಾಂ ಇದ್ದರೆ ಗಂಟೆಗೆ ಸುಮಾರು 25 ಕಿ.ಮೀ. ವೇಗಕ್ಕೆ ಇಳಿಯುವವರೆಗೂ ಗಾಳಿಯಲ್ಲಿ ನಿಲ್ಲುತ್ತದೆ. 855 ಗ್ರಾಂ ಆದರೆ 30 ಕಿ.ಮೀ.ಗೇ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವುದನ್ನು ಬಿಟ್ಟುಬಿಡುತ್ತದೆ. ಹೊಸಬರ ಕೈಗೆ ಈ 5 ಕಿ.ಮೀ. ದೊಡ್ಡದು, ಇಳಿಸುವಾಗ ಗೊತ್ತಾಗುತ್ತದೆ.

ಅವನ ವಿಮಾನ ಅಷ್ಟು ಭಾರವಾಗಲು ಬೋರ್ಡ್ ಕೂಡ ಕಾರಣ. ನೆಟ್‌ನಲ್ಲಿ ಪುಕ್ಕಟೆ ಸಿಗುವ ಪ್ಲ್ಯಾನ್‌ಗಳಲ್ಲಿ ಜಾಸ್ತಿಯವು ಅಮೆರಿಕದಲ್ಲಿ ಅಗ್ಗಕ್ಕೆ ಸಿಗುವ 20×30 ಇಂಚಿನ ತೀರಾ ಹಗುರ ಬೋರ್ಡಿಗೆಂದು ಬರೆದವು. ನಮ್ಮ ಸ್ಟೇಷನರಿ ಅಂಗಡಿಯಲ್ಲಿ ಸಿಗುವ 5 ಮಿ.ಮೀ. ಬೋರ್ಡ್ ಅದಕ್ಕಿಂತ ಭಾರ, ಒಂದು ಕೂದಲಿನಷ್ಟು ದಪ್ಪವೂ ಹೌದು. ಅದಕ್ಕೇ ಪ್ಲ್ಯಾನಿನ ಸೀಳುಗಳಲ್ಲಿ ಬೋರ್ಡ್ ಬಿಗಿಯಾಗಿ ಕೂರುತ್ತದೆ. ಎರಡು ಕಂಪನಿಯ ಹಾಳೆಗಳಿದ್ದರೆ ಎರಡನ್ನೂ ತೂಗಿ ನೋಡಿ ಹಗುರದ್ದನ್ನು ತನ್ನಿ. ಫೋಮ್ ಬೋರ್ಡ್ ಅಂತ ಕೇಳಿದರೆ ಕೆಲವು ಅಂಗಡಿಯವರು ಸನ್‌ಬೋರ್ಡ್ ಕೊಡುತ್ತಾರೆ. ಅದು ಪಿ.ವಿ.ಸಿ., ಬೋರ್ಡ್ ಬರೆಸುವವರಿಗೆ ಸರಿ, ವಿಮಾನಕ್ಕೆ ಆಗುವುದಿಲ್ಲ. ಎರಡು ಕಡೆ ಕಾಗದ, ನಡುವೆ ಥರ್ಮೋಕೋಲಿನಂಥ ಮೆತ್ತನೆಯ ಫೋಮ್ ಇರಬೇಕು, ಉಗುರು ಒತ್ತಿದರೆ ಗುರುತು ಬೀಳಬೇಕು. ಒಡಲಿನ ಒಳಬದಿಯ ಕಾಗದವನ್ನು ಒದ್ದೆ ಬಟ್ಟೆಯಿಂದ ನೆನೆಸಿ ಉಜ್ಜಿ ತೆಗೆದರೆ ಒಳ್ಳೆಯ ತೂಕ ಉಳಿಯುತ್ತದೆ. ರೆಕ್ಕೆಯ ಕಾಗದ ಮಾತ್ರ ಮುಟ್ಟಬೇಡಿ, ಅದರ ಬಲ ಇರುವುದೇ ಆ ಕಾಗದದಲ್ಲಿ.

ಅಂಟಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚಕ್ಕನೆ ಅಂಟುವ ಸೂಪರ್ ಗ್ಲೂ ಈ ಫೋಮನ್ನು ತಿಂದು ತೂತು ಮಾಡುತ್ತದೆ. ಸಾದಾ ಸ್ಪ್ರೇ ಪೇಂಟೂ ಹಾಗೇ. ಮರಕ್ಕೆ ಹಾಕುವ ಬಿಳಿ ಫೆವಿಕಾಲ್ ಹಗುರ, ಗಟ್ಟಿ. ಆದರೆ ಒಳಗೆ ಗಾಳಿ ಆಡದ ಕಾರಣ ಒಣಗಲು ಒಂದು ದಿನ ಬೇಕು, ಜುಲೈಯಲ್ಲಿ ಎರಡು ದಿನ. ಹಾಟ್ ಗ್ಲೂ ಬೇಗ ಆಗುತ್ತದೆ, ಆದರೆ ಬಿಸಿಲಿಗೆ ಮೆತ್ತಗಾಗುತ್ತದೆ. ನಾನೇ ಒಮ್ಮೆ ಮಾರ್ಚ್ ತಿಂಗಳಲ್ಲಿ ಗಾಜು ಏರಿಸಿದ ಕಾರಿನಲ್ಲಿ ವಿಮಾನ ಬಿಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡುವಾಗ ಬಾಲ ವಾಲಿಕೊಂಡಿತ್ತು. ಗಮನಿಸದೆ ಹಾರಿಸಿದ್ದರೆ ಯಾರದ್ದಾದರೂ ಮೇಲೆ ಬೀಳುತ್ತಿತ್ತು.

ಆದರೆ ನಮ್ಮ ಕರಾವಳಿಯಲ್ಲಿ ಬಿಸಿಲಿಗಿಂತ ದೊಡ್ಡ ಶತ್ರು ತೇವ. ಕಾಗದ ನೀರು ಕುಡಿಯುತ್ತದೆ, ಒಂದು ಬದಿ ಜಾಸ್ತಿ ಕುಡಿದರೆ ರೆಕ್ಕೆ ತಿರುಚುತ್ತದೆ. ಬೆಳಿಗ್ಗೆ ಮಂಜು ಬಿದ್ದ ಹುಲ್ಲಿನ ಮೇಲೆ ನಾಲ್ಕು ಸಲ ಇಳಿಸಿದರೆ ಹೊಟ್ಟೆಯ ಕಾಗದ ಏಳುತ್ತದೆ. ಹೆದರಿ ಪೂರ್ತಿ ವಿಮಾನಕ್ಕೆ ಪ್ಯಾಕಿಂಗ್ ಟೇಪ್ ಹೊದಿಸುವವರಿದ್ದಾರೆ. ಇಷ್ಟು ದೊಡ್ಡ ರೆಕ್ಕೆಯ ಎರಡೂ ಬದಿಗೆ ಹೊದಿಸಿದರೆ 15ರಿಂದ 20 ಗ್ರಾಂ ಏರುತ್ತದೆ. ರೆಕ್ಕೆಯಲ್ಲಾದರೆ ತೊಂದರೆ ಇಲ್ಲ, ಅದು ಸಿ.ಜಿ.ಯ ಹತ್ತಿರ. ಬಾಲಕ್ಕೆ ಹೊದಿಸಬೇಡಿ. ಬಾಲದಲ್ಲಿ ಕತ್ತರಿಸಿದ ಅಂಚುಗಳಿಗೆ ಮಾತ್ರ, ವಾಟರ್ ಬೇಸ್ ವಾರ್ನಿಷ್ ತೆಳ್ಳಗೆ ಒಂದು ಕೈ ಹಚ್ಚಿ. ಟೇಪನ್ನು ರೆಕ್ಕೆಯ ಮುಂದಿನ ಅಂಚಿಗೂ ಹೊಟ್ಟೆಗೂ ಇಟ್ಟುಕೊಳ್ಳಿ. ಎಲಿವೇಟರಿನ ಕೀಲಿನಲ್ಲಿ ಬರೀ ಕಾಗದವನ್ನು ನಂಬಬೇಡಿ, ನಮ್ಮ ಗಾಳಿಗೆ ಒಂದೇ ಮಳೆಗಾಲದಲ್ಲಿ ಹರಿಯುತ್ತದೆ. ಕೀಲಿನ ಸೀಳಿನೊಳಗೆ ಹಾಟ್ ಗ್ಲೂ ಎಳೆದು, ಬಿಸಿ ಇರುವಾಗಲೇ ಹಳೇ ಎ.ಟಿ.ಎಂ. ಕಾರ್ಡಿನಿಂದ ಒರೆಸಿ ತೆಗೆಯಿರಿ. ಉಳಿಯುವ ತೆಳು ಪದರವೇ ಸಾಕು.

ಹಾರಿಸುವ ಜಾಗದ ಬಗ್ಗೆ ಖಂಡಿತವಾಗಿ ಹೇಳಬೇಕು. ಮಂಗಳೂರಿನವರು ಬಜಪೆ ವಿಮಾನ ನಿಲ್ದಾಣವನ್ನು ಮರೆಯಬಾರದು. 2021ರ ಡ್ರೋನ್ ನಿಯಮದ ಪ್ರಕಾರ ನಿಲ್ದಾಣದ ಗಡಿಯಿಂದ 5ರಿಂದ 8 ಕಿ.ಮೀ. ಒಳಗೆ ನೆಲದಿಂದಲೇ ಹಳದಿ ವಲಯ ಶುರು, 8ರಿಂದ 12 ಕಿ.ಮೀ. ವರೆಗೆ 200 ಅಡಿ ಮೇಲೆ ಹೋದರೆ ಹಳದಿ. ಹಳದಿಯಲ್ಲಿ ಅನುಮತಿ ಬೇಕೇ ಬೇಕು. ಇನ್ನೂ ಹತ್ತಿರ ಅಂತೂ ಕೈಹಾಕಬೇಡಿ. ಬಂದರು, ರಿಫೈನರಿ ಸುತ್ತಲೂ ಹಾಗೆಯೇ. ಗಾಳಿಪಟ ಉತ್ಸವ ನಡೆಯುವ ಬೀಚ್ ಅಂತ ವಿಮಾನವನ್ನೂ ಹಾರಿಸಬಹುದು ಅಂದುಕೊಳ್ಳಬೇಡಿ. ಹೋಗುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ನೋಡಿ. ನಮ್ಮ ಉಡುಪಿ ಕಡೆ ಕಟಾವಾದ ಗದ್ದೆ ಅತ್ಯುತ್ತಮ, ಆದರೆ ಗದ್ದೆಯವರನ್ನು ಕೇಳಿ. ಕೆಲವರು ಭತ್ತ ಕೊಯ್ದ ಕೂಡಲೇ ಉದ್ದು ಬಿತ್ತಿರುತ್ತಾರೆ, ಹೊರಗಿನಿಂದ ಖಾಲಿ ಕಾಣುತ್ತದೆ. ತೆಂಗಿನ ಮರಕ್ಕೆ ಸಿಕ್ಕಿಕೊಂಡರೆ ಹತ್ತಲು ಹೋಗಬೇಡಿ, ಅಡಿಕೆ ತೋಟದವರ ಹತ್ತಿರ ಕಾರ್ಬನ್ ಫೈಬರ್ ದೋಟಿ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಕರೆಂಟ್ ತಂತಿಗೆ ಸಿಕ್ಕಿದರೆ ದೋಟಿಯನ್ನು ಹತ್ತಿರವೂ ಒಯ್ಯಬೇಡಿ, ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಮೆಸ್ಕಾಂಗೆ ಫೋನ್ ಮಾಡಿ, ವಿಮಾನ ಹೋದರೆ ಹೋಗಲಿ.

ಹುಡುಗನ ವಿಮಾನವನ್ನು ಭಾನುವಾರ ಏಳು ಗಂಟೆಗೆ ಹಾರಿಸಿದೆವು, ಕಡಲ ಗಾಳಿ ಏಳುವ ಮೊದಲು. ಎಲಿವೇಟರಿನ ಚಲನೆಯನ್ನು ಮೇಲೆ ಕೆಳಗೆ 12 ಮಿ.ಮೀ.ಗೆ ಇಳಿಸಿದ್ದೆ. ರೇಂಜ್ ಪರೀಕ್ಷೆ ಮಾಡಿ, ಸಿಗ್ನಲ್ ಹೋದರೆ ಮೋಟಾರ್ ನಿಲ್ಲುತ್ತದಾ ಅಂತ ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿದೆವು, ಅದೂ ಪ್ರೊಪೆಲ್ಲರ್ ಬಿಚ್ಚಿಟ್ಟು. ಪುನಃ ಕಟ್ಟಿ ಅವನೇ ಎಸೆದ, ನಾನು ಸ್ಟಿಕ್ ಹಿಡಿದಿದ್ದೆ. ಮೂತಿ ಏಳಲಿಲ್ಲ. ಎರಡು ಕ್ಲಿಕ್ ಟ್ರಿಮ್ (ನೇರ ಹಾರಲು ಸಣ್ಣ ತಿದ್ದುಪಡಿ) ಕೊಟ್ಟು, ಒಂದು ಸುತ್ತು ಬರಿಸಿ ಟ್ರಾನ್ಸ್‌ಮಿಟರನ್ನು ಅವನ ಕೈಗೆ ಕೊಟ್ಟೆ. ಆರು ನಿಮಿಷ ಹಾರಿಸಿ ತಾನೇ ಇಳಿಸಿದ. ಇಳಿಸಿದವನು ಓಡಿಹೋಗಿ ಎತ್ತಿಕೊಂಡು ಬಂದು, "ಸರ್, ಬಾಲದ ತುದಿಗೆ ಒಂದು ಸಣ್ಣ ಎಲ್.ಇ.ಡಿ. ಹಾಕಿದರೆ ಸಂಜೆಗೂ ಕಾಣ್ತದಲ್ವಾ?" ಎಂದ.

"ಎಷ್ಟು ಗ್ರಾಂ ಮಾರಾಯ?" ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ತೂಗಿ ಹೇಳ್ತೇನೆ ಸರ್" ಎಂದ.