ಮೊದಲ ಪೈಪಿಗೆ ಮನೆಯಲ್ಲಿರುವ ಬೀಟೆ ಸಾಕೇ?

ಪ್ರಶ್ನೆ: ಮರಗೆಲಸ ನನ್ನ ಹವ್ಯಾಸ. ತಂಬಾಕಿನ ಪೈಪೊಂದನ್ನು ಕೈಯಾರೆ ಮಾಡುವ ಆಸೆಯಿದೆ. ಹಳೆಯ ಮಂಚದ ಬೀಟೆ ಕಾಲೊಂದು ಮನೆಯಲ್ಲೇ ಬಿದ್ದಿದೆ. ಅದರಲ್ಲಿ ಮಾಡಬಹುದೇ, ಇಲ್ಲ ಬ್ರಯರ್ ಮರವನ್ನೇ ತರಿಸಬೇಕೇ?

ಉತ್ತರ: ಬೀಟೆ ಬೇಡ. ಮರ ಚೆಲುವಾದದ್ದೇ, ಆದರೆ ಅದರ ಹುಡಿ ಸೋಕಿದರೇ ಕೆಲವರ ಚರ್ಮ ಕೆರೆಯುತ್ತದೆ, ಮೂಗು ಸುರಿಯುತ್ತದೆ. ಅಂಥ ಮರದ ಬಟ್ಟಲಿನೊಳಗೆ ಕೆಂಡವಿಟ್ಟು ಹೊಗೆ ಎಳೆಯುವುದು ಸರಿಯಲ್ಲ. ತೇಗಕ್ಕೂ ಇದೇ ಮಾತು. ಕಣಗಿಲೆಯಂಥ ವಿಷದ ಗಿಡದ ಕಟ್ಟಿಗೆಯನ್ನಂತೂ ಮುಟ್ಟಲೇಬಾರದು. ಮಂಚದ ಕಾಲೆಂದರೆ ಹಳೆಯ ವಾರ್ನಿಷ್ ಬೇರೆ ಹೀರಿಕೊಂಡಿರುತ್ತದೆ.

ಬ್ರಯರ್ ತರಿಸಿ. ಎರಿಕಾ ಅರ್ಬೋರಿಯಾ ಎಂಬ ಪೊದೆಮರದ ಬುಡದಲ್ಲಿ, ಬೇರು ಮತ್ತು ಕಾಂಡ ಕೂಡುವ ಕಡೆ ಬೆಳೆಯುವ ಗಂಟು ಅದು. ಇಟಲಿಯ ಕಲಾಬ್ರಿಯಾ, ಕಾರ್ಸಿಕಾ, ಗ್ರೀಸ್, ಆಲ್ಜೀರಿಯಾ ಹೀಗೆ ಮೆಡಿಟರೇನಿಯನ್ ಸುತ್ತಲಿನ ಒಣ ಗುಡ್ಡಗಳು ಅದರ ನೆಲೆ. ಕಾಡ್ಗಿಚ್ಚಿನಲ್ಲಿ ಮೇಲಿನದೆಲ್ಲ ಸುಟ್ಟುಹೋದರೂ ಗಿಡ ಈ ಗಂಟಿನಿಂದಲೇ ಮತ್ತೆ ಚಿಗುರುತ್ತದೆ. ದಶಕಗಳಷ್ಟು ಬೆಳೆದ ಗಂಟನ್ನು ಅಗೆದು ತುಂಡು ಮಾಡಿ, ಒಗರು ರಸ ಇಳಿದುಹೋಗಲೆಂದು ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ, ತಿಂಗಳುಗಟ್ಟಲೆ ನಿಧಾನವಾಗಿ ಒಣಗಿಸುತ್ತಾರೆ. ಒತ್ತಾದ ನಾರಿನ ಈ ಮರ ಬಿಸಿಯನ್ನು ತಡೆಯುತ್ತದೆ, ಹೊಗೆಯ ತೇವವನ್ನು ಹೀರುತ್ತದೆ. ಯುರೋಪಿನಲ್ಲಿ ಮೊದಲು ನಮ್ಮ ಚಿಲುಮೆಯ ಹಾಗೆ ಮಣ್ಣಿನ ಪೈಪುಗಳೇ ಹೆಚ್ಚು ಬಳಕೆಯಲ್ಲಿದ್ದವು. 1850ರ ದಶಕದಿಂದ ಫ್ರಾನ್ಸಿನ ಸಾಂ ಕ್ಲೋದ್ ಪಟ್ಟಣ ಬ್ರಯರ್ ಪೈಪಿನ ತವರಾಯಿತು. ಚೆರ್ರಿ, ಪೇರ್, ಆಲಿವ್ ಮರಗಳಲ್ಲೂ ಪೈಪು ಮಾಡುವವರಿದ್ದಾರೆ. ಅಮೆರಿಕದ ಮಿಸೌರಿಯಲ್ಲಿ ಮೆಕ್ಕೆಜೋಳದ ದಿಂಡಿನಿಂದಲೂ ಮಾಡುತ್ತಾರೆ.

ನನ್ನ ಗಟ್ಟಿ ಸಲಹೆಯೆಂದರೆ, ಮೊದಲ ಸಲ ರಂಧ್ರ ಕೊರೆದು, ಬಾಯಿಕೊಳವೆ ಕೂರಿಸಿದ ಬ್ರಯರ್ ತುಂಡನ್ನೇ ಕೊಳ್ಳಿ. ಹವ್ಯಾಸಿಗಳಿಗೆಂದೇ ಅಂಥವು ಸಿಗುತ್ತವೆ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಪೈಪಿನ ಜೀವವಿರುವುದು ರಂಧ್ರಗಳಲ್ಲಿ. ತಂಬಾಕು ತುಂಬುವ ಬಟ್ಟಲಿನ ಅಗಲ ಸುಮಾರು 20 ಮಿಲಿಮೀಟರ್, ಹೊಗೆ ಹಾಯುವ ದಾರಿ ಸುಮಾರು 4 ಮಿಲಿಮೀಟರ್. ಬೇರೆ ಬೇರೆ ದಿಕ್ಕಿನಿಂದ ಬರುವ ಇವೆರಡೂ ಬಟ್ಟಲಿನ ತಳದ ನಟ್ಟನಡುವೆ ಸೇರಬೇಕು. ಹೊಗೆಯ ದಾರಿ ತಳಕ್ಕಿಂತ ಮೇಲೆ ಸೇರಿದರೆ ಅಡಿಯ ತಂಬಾಕು ಉರಿಯದೆ ಒದ್ದೆಯಾಗಿ ಉಳಿಯುತ್ತದೆ. ತೀರ ಕೆಳಗಾದರೆ ತಳ ತೆಳುವಾಗಿ ಸುಟ್ಟು ತೂತಾಗುವ ಭಯ. ಕೈ ಡ್ರಿಲ್ಲಿನಲ್ಲಿ ಇದನ್ನು ಸಾಧಿಸುವುದು ಪಳಗಿದ ಬಡಗಿಗೂ ಸುಲಭವಲ್ಲ.

ಉಳಿದದ್ದೆಲ್ಲ ನಿಮ್ಮ ಕೈಯದು, ಸಂತೋಷವೂ ಅಲ್ಲಿದೆ. ತುಂಡಿನ ಎರಡೂ ಬದಿಯಲ್ಲಿ ಆಕಾರ ಬರೆದು, ಹೆಚ್ಚಿನದನ್ನು ಗರಗಸದಿಂದ ತೆಗೆಯಿರಿ. ಮೊದಲು ಒರಟು ಅರ, ಆಮೇಲೆ ನಯ ಅರ. ಬಾಯಿಕೊಳವೆಯನ್ನು ಸಿಕ್ಕಿಸಿಕೊಂಡೇ ಉಜ್ಜಿ. ಇಲ್ಲದಿದ್ದರೆ ಕೂಡುವಲ್ಲಿ ಮರದ ಅಂಚು ದುಂಡಾಗಿ ಸಂದು ಎದ್ದು ಕಾಣುತ್ತದೆ. ಬಟ್ಟಲಿನ ಗೋಡೆ ಎಲ್ಲಿಯೂ 6 ಮಿಲಿಮೀಟರಿಗಿಂತ ತೆಳುವಾಗದಿರಲಿ. ಆಗಾಗ ತೋರುಬೆರಳನ್ನು ಒಳಗೂ ಹೆಬ್ಬೆರಳನ್ನು ಹೊರಗೂ ಇಟ್ಟು ಸುತ್ತ ತಿರುಗಿಸಿ ನೋಡಿ. ಕಣ್ಣು ತಪ್ಪಿಸಿಕೊಂಡ ತೆಳುವನ್ನು ಬೆರಳು ಹಿಡಿಯುತ್ತದೆ. ಉಪ್ಪುಕಾಗದವನ್ನು ಒರಟಾದ 120ನೇ ನಂಬರಿನಿಂದ ಶುರುಮಾಡಿ ನಯವಾದ 400, 600ರವರೆಗೆ ಹೋಗಿ. ನಡುವೆ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನಾರು ನಿಮಿರಿ, ಉಳಿದ ಗೀರುಗಳು ತಾವಾಗಿ ಕಾಣಿಸುತ್ತವೆ. ಮುಖಕ್ಕೆ ಮಾಸ್ಕ್ ಇರಲಿ.

ಹೊಳಪಿಗೆ ಕಾರ್ನೌಬಾ ಎಂಬ ತಾಳೆಜಾತಿಯ ಮರದ ಎಲೆಯ ಮೇಣ ಸಾಕು. ಚನ್ನಪಟ್ಟಣದ ಗೊಂಬೆಗಳಂತೆ ಅರಗು ಹಚ್ಚುವ ಆಸೆ ಬರಬಹುದು. ಲೇತಿನ ಮೇಲೆ ಉಜ್ಜಿದ ಬಿಸಿಗೇ ಕರಗುವ ಅರಗು ಪೈಪಿನ ಬಿಸಿಗೆ ಮೆತ್ತಗಾಗುತ್ತದೆ. ಬಟ್ಟಲಿನ ಒಳಮೈಗಂತೂ ಬಣ್ಣ, ವಾರ್ನಿಷ್ ಯಾವುದೂ ತಾಗಬಾರದು. ಒಂದು ಮಾತು ಹೇಳಲೇಬೇಕು: ಪೈಪು ಎಷ್ಟೇ ಚೆನ್ನಾಗಿದ್ದರೂ ತಂಬಾಕು ಮಾಡುವ ಹಾನಿ ಕಡಿಮೆಯಾಗುವುದಿಲ್ಲ. ಮಾಡಿ ಕಪಾಟಿನಲ್ಲಿ ಇಟ್ಟರೂ ಕೆಲಸದ ಚೆಲುವು ಹಾಗೆಯೇ ಇರುತ್ತದೆ.

ಕೊನೆಗೆ, ಪೈಪು ಶುಚಿಮಾಡುವ ನಾರುಸುತ್ತಿದ ತಂತಿಯನ್ನು ಬಾಯಿಕೊಳವೆಯಿಂದ ತೂರಿಸಿ. ಎಲ್ಲಿಯೂ ತಡೆಯದೆ ಬಟ್ಟಲಿನ ತಳದಲ್ಲಿ ತಲೆಯೆತ್ತಿದರೆ ಕೆಲಸ ಸರಿಯಾಗಿದೆ. ಕೊಳವೆ ಮರಕ್ಕೆ ಕೂಡುವಲ್ಲಿ ಸಿಕ್ಕಿಕೊಂಡರೆ ಒಳಗೆ ಸಂದು ಉಳಿದಿರಬಹುದು, ಅಥವಾ ರಂಧ್ರಗಳು ಎದುರುಬದುರು ಕೂತಿರಲಿಕ್ಕಿಲ್ಲ. ಅಲ್ಲಿ ತೇವ ನಿಂತು, ಎಳೆದಾಗ ಗೊರಗೊರ ಸದ್ದು ಬರುತ್ತದೆ.