ಮಂಡಿ ನೋವಿರುವ ಅಮ್ಮನ ಜೊತೆ ಎಡಿನ್‌ಬರಾ ನೋಡಬಹುದಾ?

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೇನೆ. ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಸ್ಕಾಟ್ಲೆಂಡಿನ ಎಡಿನ್‌ಬರಾ ತೋರಿಸಬೇಕು ಅಂತ ಆಸೆ. ಆದರೆ ಊರು ಪೂರ್ತಿ ಏರು, ಮೆಟ್ಟಿಲು ಅಂತ ಎಲ್ಲರೂ ಹೆದರಿಸುತ್ತಾರೆ. ಇಬ್ಬರಿಗೂ 70ರ ಹತ್ತಿರ ವಯಸ್ಸು, ಅಮ್ಮನಿಗೆ ಮಂಡಿ ನೋವು ಬೇರೆ. ಎರಡು ದಿನ ಇಟ್ಟುಕೊಂಡು ನಿಧಾನವಾಗಿ ನೋಡೋಕೆ ಆಗುತ್ತಾ?

ಉತ್ತರ: ಆಗುತ್ತದೆ. ಒಂದು ಸೂತ್ರ ನೆನಪಿಟ್ಟುಕೊಳ್ಳಿ. ಈ ಊರಿನ ನಡುಭಾಗದಲ್ಲಿ ಪೂರ್ವ-ಪಶ್ಚಿಮವಾಗಿ ನಡೆಯುವುದು ಸುಲಭ. ಉತ್ತರ-ದಕ್ಷಿಣವಾಗಿ ನಡೆದರೆ ಹತ್ತಿ ಇಳಿಯುವುದೇ ಕೆಲಸ. ಹಾಗೆ ದಾಟಲೇಬೇಕಾದಾಗ ಸೇತುವೆ ಹಿಡಿಯಿರಿ, ಇಲ್ಲವೇ ಬಸ್ ಹತ್ತಿ.

ಹೀಗೇಕೆ ಅಂದರೆ, ಈ ಊರನ್ನು ರೂಪಿಸಿದ್ದು ಹಿಮ. ಕೋಟೆ ನಿಂತಿರುವ ಬಂಡೆ ಸುಮಾರು 35 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯ ಗಂಟಲಲ್ಲಿ ಗಟ್ಟಿಯಾದ ಕಲ್ಲು. ಹಿಮಯುಗದಲ್ಲಿ ಪಶ್ಚಿಮದಿಂದ ಸರಿದು ಬಂದ ಹಿಮದ ರಾಶಿಗೆ ಆ ಬಂಡೆಯನ್ನು ಅಲುಗಾಡಿಸಲು ಆಗಲಿಲ್ಲ. ಅದು ಎರಡಾಗಿ ಒಡೆದು ಬಂಡೆಯ ಎರಡೂ ಪಕ್ಕ ಹರಿಯಿತು, ಅಲ್ಲಿನ ಮೆದು ನೆಲವನ್ನು ಕೆರೆದು ಕಣಿವೆ ಮಾಡಿತು. ಬಂಡೆಯ ಬೆನ್ನಿಗೆ, ಅಂದರೆ ಪೂರ್ವಕ್ಕೆ ಇದ್ದ ನೆಲ ಮಾತ್ರ ಮರೆಯಲ್ಲಿ ಉಳಿದುಕೊಂಡಿತು. ಹೀಗಾಗಿ ಹಳೆಯ ಊರು ತಲೆ ಎತ್ತಿ ಮಲಗಿದ ಬಸವನ ಹಾಗಿದೆ. ತಲೆಯ ಮೇಲೆ ಕೋಟೆ, ಬೆನ್ನಿನ ಉದ್ದಕ್ಕೂ ರಾಯಲ್ ಮೈಲ್ ಎಂಬ ಹಳೆಯ ಬೀದಿ, ಬಾಲದ ತುದಿಯಲ್ಲಿ ಹೋಲಿರೂಡ್ ಅರಮನೆ. ಬೀದಿಯ ಉದ್ದ ಸುಮಾರು 1.8 ಕಿಲೋಮೀಟರ್. ಉತ್ತರದ ಕಣಿವೆಯಲ್ಲಿ ವೇವರ್ಲಿ ರೈಲು ನಿಲ್ದಾಣ ಮತ್ತು ಪ್ರಿನ್ಸೆಸ್ ಸ್ಟ್ರೀಟ್ ಉದ್ಯಾನ ಇವೆ. ದಕ್ಷಿಣದ ಕಣಿವೆಯಲ್ಲಿ ಗ್ರಾಸ್‌ಮಾರ್ಕೆಟ್ ಚೌಕ ಮತ್ತು ಕೌಗೇಟ್ ಬೀದಿ.

ಫೋನಿನ ಮ್ಯಾಪ್ ನಂಬಿ ಕೆಡುವುದು ಇಲ್ಲೇ. ಸೌತ್ ಬ್ರಿಜ್ ಮತ್ತು ಕೌಗೇಟ್ ಒಂದನ್ನೊಂದು ಕತ್ತರಿಸುವ ಹಾಗೆ ಮ್ಯಾಪಿನಲ್ಲಿ ಕಾಣುತ್ತದೆ. ನಿಜದಲ್ಲಿ ಒಂದು ಮೇಲಿದೆ, ಇನ್ನೊಂದು ಅದರ ಕೆಳಗೆ ಹಾದುಹೋಗುತ್ತದೆ. 1788ರಲ್ಲಿ ತೆರೆದ ಆ ಸೇತುವೆಗೆ 19 ಕಮಾನುಗಳಿವೆ. ಕೌಗೇಟ್ ಮೇಲಿನ ಒಂದು ಕಮಾನು ಬಿಟ್ಟರೆ ಉಳಿದವು ಕಟ್ಟಡಗಳ ಹಿಂದೆ ಮರೆಯಾಗಿವೆ. ಮೇಲೆ ನಡೆಯುವವರಿಗೆ ಅದು ಸೇತುವೆ ಅಂತ ಗೊತ್ತೂ ಆಗುವುದಿಲ್ಲ, ಎರಡೂ ಕಡೆ ಅಂಗಡಿ ಸಾಲು. ರಾಯಲ್ ಮೈಲ್‌ನಿಂದ ಎರಡೂ ಬದಿಗೆ ಇಳಿಯುವ ಕಿರುಓಣಿಗಳಿಗೆ ಇಲ್ಲಿ ಕ್ಲೋಸ್ ಅನ್ನುತ್ತಾರೆ. ನೋಡಲು ಬಲು ಚಂದ, ಆದರೆ ಎಷ್ಟೋ ಕಡೆ ಕಡಿದಾದ ಮೆಟ್ಟಿಲು. ಬಾಯಲ್ಲಿ ನಿಂತು ಇಣುಕಿ ನೋಡಿ, ಫೋಟೋ ತೆಗೆದು ಮುಂದೆ ಹೋಗಿ. ಮ್ಯಾಪ್ "ಎರಡೇ ನಿಮಿಷ" ಅಂದರೆ ಆ ದಾರಿಯಲ್ಲಿ ಮೆಟ್ಟಿಲಿದೆಯಾ ಅಂತ ಮೊದಲು ನೋಡಿ.

ಇನ್ನು ಅಮ್ಮನ ಮಂಡಿ ವಿಷಯ. "ಟ್ಯಾಕ್ಸಿಯಲ್ಲಿ ಮೇಲೆ ಹೋಗಿ, ಇಳಿಜಾರಲ್ಲಿ ನಡೆದು ಬನ್ನಿ" ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಸರಿ. ಮಂಡಿ ನೋವಿರುವ ಎಷ್ಟೋ ಜನರಿಗೆ ಹತ್ತುವುದಕ್ಕಿಂತ ಇಳಿಯುವುದೇ ಜಾಸ್ತಿ ನೋವು, ಅಲ್ವಾ? ಜೊತೆಗೆ ರಾಯಲ್ ಮೈಲ್‌ನ ಬಹುಭಾಗ ಕಲ್ಲುಹಾಸು, ಮಳೆ ಬಂದರೆ ಜಾರುತ್ತದೆ. ಆದ್ದರಿಂದ ಇಳಿಯುವುದನ್ನೂ ತುಂಡು ತುಂಡು ಮಾಡಿಕೊಳ್ಳಿ. ಕೈಗೆ ಒಂದು ಕೋಲು ಇರಲಿ.

ಮೊದಲ ದಿನ ಕೋಟೆಯ ಒಳಗೆ ಹೋಗುವುದು ಬೇಡ ಅನ್ನುವುದು ನನ್ನ ಸಲಹೆ. ಇಡೀ ಊರಿನಲ್ಲಿ ಕಾಲಿಗೆ ಅತಿ ಕಷ್ಟದ ಜಾಗ ಅದೇ. ಅದನ್ನು ಮುಗಿಸಿ ಬಂದವರಿಗೆ ಬೇರೇನೂ ನೋಡುವ ಉತ್ಸಾಹ ಇರುವುದಿಲ್ಲ. ಟ್ಯಾಕ್ಸಿಯವರಿಗೆ ಕ್ಯಾಸಲ್‌ಹಿಲ್ ಕಡೆ ಎಷ್ಟು ಮೇಲೆ ಆಗುತ್ತೋ ಅಷ್ಟು ಬಿಡಲು ಹೇಳಿ. ಕೋಟೆಯ ಮುಂದಿನ ಮೈದಾನದಿಂದ ಎರಡೂ ಕಣಿವೆ ನೋಡಿ, ಬಂದ ಬೀದಿಯಲ್ಲೇ ಇಳಿಯಲು ಶುರು ಮಾಡಿ. ಸೇಂಟ್ ಜೈಲ್ಸ್ ಚರ್ಚ್‌ನಲ್ಲಿ ಕೂತು ಬಣ್ಣದ ಗಾಜಿನ ಕಿಟಕಿಗಳನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಅಲ್ಲಿಂದ ಜಾರ್ಜ್ 4 ಸೇತುವೆಯ ಮೇಲೆ ದಕ್ಷಿಣಕ್ಕೆ ತಿರುಗಿ. ಕಣಿವೆ ನಿಮ್ಮ ಕಾಲ ಕೆಳಗೇ ದಾಟಿಹೋಗುತ್ತದೆ, ಏರು ಅನ್ನುವುದು ಗೊತ್ತಾಗುವುದಿಲ್ಲ. ಅದರ ಕೊನೆಗೆ ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಪ್ರವೇಶ ಉಚಿತ. ಲಿಫ್ಟ್, ಕ್ಯಾಂಟೀನು, ಶೌಚಾಲಯ ಎಲ್ಲಾ ಇದೆ. ಹೆಚ್ಚಿನವರು ತಪ್ಪಿಸಿಕೊಳ್ಳುವುದು ಅದರ ತಾರಸಿಯನ್ನು. ಲಿಫ್ಟಿನಲ್ಲಿ ಮೇಲೆ ಹೋದರೆ ಕೋಟೆ, ಚರ್ಚುಗಳ ಗೋಪುರ, ಆರ್ಥರ್ಸ್ ಸೀಟ್ ಬೆಟ್ಟ ಎಲ್ಲವೂ ಒಂದೇ ಕಡೆಯಿಂದ ಕಾಣುತ್ತವೆ. ಆರ್ಥರ್ಸ್ ಸೀಟ್ 251 ಮೀಟರ್ ಎತ್ತರ. ಅದನ್ನು ಹತ್ತುವ ಆಸೆ ನಿಮಗಿದ್ದರೆ ಬೆಳಿಗ್ಗೆ ಅವರು ಏಳುವ ಮೊದಲು ಒಬ್ಬರೇ ಹೋಗಿ ಬನ್ನಿ.

ಊಟ ಆದಮೇಲೆ ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಕ್ಯಾನನ್‌ಗೇಟ್‌ಗೆ ಹೋಗಿ. ಇದು ರಾಯಲ್ ಮೈಲ್‌ನ ಕೆಳಭಾಗ. ಜನಸಂದಣಿ ಕಡಿಮೆ, ಇಳಿಜಾರೂ ಸೌಮ್ಯ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್‌ನ ಸಮಾಧಿ ಇಲ್ಲಿನ ಚರ್ಚಿನ ಅಂಗಳದಲ್ಲಿದೆ. ಅದಕ್ಕೆ ಹತ್ತಿರದಲ್ಲೇ ಡನ್‌ಬಾರ್ಸ್ ಕ್ಲೋಸ್ ಅನ್ನುವ ಸಣ್ಣ ತೋಟವಿದೆ, 17ನೇ ಶತಮಾನದ ಮಾದರಿಯಲ್ಲಿ ಮಾಡಿದ್ದು. ಬೀದಿಯಿಂದ ನೋಡಿದರೆ ಒಳಗೆ ತೋಟ ಇದೆ ಅಂತ ಅನ್ನಿಸುವುದೇ ಇಲ್ಲ. ಅಪ್ಪ ಅಮ್ಮನನ್ನು ಅಲ್ಲಿ ಅರ್ಧ ಗಂಟೆ ಸುಮ್ನೆ ಕೂರಿಸಿ. ಬೀದಿ ಮುಗಿಯುವಲ್ಲಿ ಅರಮನೆ, ಅದರ ಎದುರಿಗೆ 2004ರಲ್ಲಿ ತೆರೆದ ಸ್ಕಾಟಿಷ್ ಸಂಸತ್ತಿನ ಕಟ್ಟಡ.

ಎರಡನೇ ದಿನ ಬೆಳಿಗ್ಗೆ ಕೋಟೆ. ಟಿಕೆಟ್ ಮೊದಲೇ ಬುಕ್ ಮಾಡಿ. ನಡೆಯಲು ಕಷ್ಟ ಇರುವವರನ್ನು ಮೇಲಿನ ತನಕ ಕರೆದೊಯ್ಯುವ ಗಾಡಿ ಇದೆ, ಬಾಗಿಲಲ್ಲೇ ಕೇಳಿ. ಕಾಯಬೇಕಾಗಬಹುದು. ಲ್ಯಾಂಗ್ ಸ್ಟೇರ್ಸ್ ಅನ್ನುವ ಹಳೆಯ ಮೆಟ್ಟಿಲು ಕಂಡರೆ ಆ ಕಡೆ ಹೋಗಬೇಡಿ, ಬಳಸಿ ಹೋಗುವ ರಸ್ತೆಯೇ ಸರಿ. ಮೇಲೆ ಸೇಂಟ್ ಮಾರ್ಗರೆಟ್ ಚಾಪೆಲ್ ಇದೆ, 12ನೇ ಶತಮಾನದ್ದು. ಎಡಿನ್‌ಬರಾದಲ್ಲಿ ಉಳಿದಿರುವ ಕಟ್ಟಡಗಳಲ್ಲೇ ಅತಿ ಹಳೆಯದು. ಮಂಡಿ ನೋವು ಹೆಚ್ಚಿದ್ದರೆ ಕೋಟೆಯನ್ನೇ ಬಿಟ್ಟುಬಿಡಿ. ಅದು ಒಳಗಿನಿಂದ ನೋಡಿದ್ದಕ್ಕಿಂತ ಕೆಳಗಿನಿಂದ ನೋಡಿದರೇ ಚೆನ್ನ.

ಕೆಳಗಿನಿಂದ ಅಂದರೆ ಪ್ರಿನ್ಸೆಸ್ ಸ್ಟ್ರೀಟ್‌ನಿಂದ. ಬೀದಿಯ ಒಂದೇ ಪಕ್ಕಕ್ಕೆ ಅಂಗಡಿ, ಇನ್ನೊಂದು ಪಕ್ಕ ಪೂರ್ತಿ ಉದ್ಯಾನ, ಬೆಂಚುಗಳ ಸಾಲು, ಎದುರಿಗೆ ಕೋಟೆ. ಭಾನುವಾರ ಬಿಟ್ಟು ಮಧ್ಯಾಹ್ನ ಒಂದು ಗಂಟೆಗೆ ಕೋಟೆಯಿಂದ ಫಿರಂಗಿ ಹಾರಿಸುತ್ತಾರೆ. 1861ರಿಂದ ನಡೆದುಬಂದ ಪದ್ಧತಿ. ಅಪ್ಪ ಅಮ್ಮನಿಗೆ ಮೊದಲೇ ಹೇಳಿರಿ, ಇಲ್ಲದಿದ್ದರೆ ಬೆಚ್ಚಿಬೀಳುತ್ತಾರೆ. ಪಕ್ಕದಲ್ಲಿರುವ ಲೇಖಕ ವಾಲ್ಟರ್ ಸ್ಕಾಟ್‌ನ ಸ್ಮಾರಕಕ್ಕೆ 287 ಮೆಟ್ಟಿಲು, ಅದನ್ನು ನೆಲದಿಂದಲೇ ನೋಡಿ.

ಮೈಸೂರಿನವರು ಅಂದಿದ್ದಕ್ಕೆ ಒಂದು ಮಾತು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ನುಗ್ಗಿದ ದಂಡಿನ ಮುಂದಾಳು ಡೇವಿಡ್ ಬೈರ್ಡ್ ಸ್ಕಾಟ್ಲೆಂಡಿನವನು. ಅದಕ್ಕೆ ಮೊದಲು ಅದೇ ಊರಿನಲ್ಲಿ ಕೆಲವು ವರ್ಷ ಸೆರೆಯಾಗಿದ್ದವನು. ಟಿಪ್ಪುವಿನ ಶವ ಅವನಿಗೆ ಸಿಕ್ಕ ಕ್ಷಣವನ್ನು ಡೇವಿಡ್ ವಿಲ್ಕಿ ದೊಡ್ಡ ಚಿತ್ರವಾಗಿ ಬರೆದು 1839ರಲ್ಲಿ ಮುಗಿಸಿದ. ಅದು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗಳ ಸಂಗ್ರಹದಲ್ಲಿದೆ. ಪ್ರಿನ್ಸೆಸ್ ಸ್ಟ್ರೀಟ್ ಪಕ್ಕದ ಗ್ಯಾಲರಿಗೆ ಹೋದಾಗ, ಈಗ ಎಲ್ಲಿ ಹಾಕಿದ್ದಾರೆ ಅಂತ ವಿಚಾರಿಸಿ. ಗೆದ್ದವರ ಕಣ್ಣಿನ ಚಿತ್ರ ಅದು. ನಿಮ್ಮ ತಂದೆಗೆ ಅದರ ಬಗ್ಗೆ ಹೇಳುವುದು ಬಹಳ ಇರಬಹುದು.

ಸಂಜೆಗೆ ಪ್ರಿನ್ಸೆಸ್ ಸ್ಟ್ರೀಟ್‌ನಿಂದ ಉತ್ತರಕ್ಕೆ ಹರಡಿದ ನ್ಯೂ ಟೌನ್ ಬಡಾವಣೆ. ಹೆಸರು ಹೊಸದು, ನಕ್ಷೆ ಮಾತ್ರ 1767ರದ್ದು. ಇಲ್ಲೂ ಅದೇ ಸೂತ್ರ: ಜಾರ್ಜ್ ಸ್ಟ್ರೀಟ್ ದಿಣ್ಣೆಯ ನೆತ್ತಿಯ ಮೇಲೆ ಪೂರ್ವ-ಪಶ್ಚಿಮವಾಗಿ ನೇರ ಹೋಗುತ್ತದೆ, ಆರಾಮ. ಅಡ್ಡ ಬೀದಿಗಳೆಲ್ಲ ಇಳಿಜಾರು.

ಉಳಿಯಲು ಜಾಗ ಹುಡುಕುವಾಗ ಗ್ರಾಸ್‌ಮಾರ್ಕೆಟ್, ಕೌಗೇಟ್ ಕಡೆ ಬೇಡ, ಪ್ರತಿ ಸಲವೂ ಮೇಲೆ ಹತ್ತಬೇಕಾಗುತ್ತದೆ. ಜಾರ್ಜ್ ಸ್ಟ್ರೀಟ್ ಹತ್ತಿರ ನೋಡಿ. ಲಿಫ್ಟ್ ಇದೆಯಾ ಅಂತ ಕೇಳದೆ ದುಡ್ಡು ಕಟ್ಟಬೇಡಿ, ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ. ವೇವರ್ಲಿಯಲ್ಲಿ ಇಳಿದಾಗ ಪ್ರಿನ್ಸೆಸ್ ಸ್ಟ್ರೀಟ್ ಕಡೆಗೆ ಹೋಗುವ ಲಿಫ್ಟ್ ಎಲ್ಲಿ ಅಂತ ಕೇಳಿ. ಆಗಸ್ಟ್ ತಿಂಗಳಲ್ಲಿ ಉತ್ಸವಗಳಿಂದ ರಾಯಲ್ ಮೈಲ್ ಕಿಕ್ಕಿರಿದಿರುತ್ತದೆ, ರೂಮಿನ ಬಾಡಿಗೆಯೂ ಏರಿರುತ್ತದೆ. ಮೇ ಇಲ್ಲವೇ ಸೆಪ್ಟೆಂಬರ್‌ನಲ್ಲಿ ಬಂದರೆ ನಿಮ್ಮ ತಂದೆ ತಾಯಿಗೆ ನಿಂತು ನಿಂತು ನಡೆಯಲು ಜಾಗ ಸಿಗುತ್ತದೆ.