ಡ್ರಾಯಿಂಗ್‌ನ ಮಿತಿಯೊಳಗೇ ಇದ್ದರೂ ಲೇತ್ ನಿಲ್ಲಿಸಬೇಕೇ?

ಪ್ರಶ್ನೆ: ನಮ್ಮದು ಶಾಫ್ಟ್ ತಯಾರಿಸುವ ಸಣ್ಣ ಘಟಕ. ಗ್ರಾಹಕರಿಗೆ ಬೇಕಾದ ವ್ಯಾಸ 25 ಮಿ.ಮೀ.; 0.05 ಮಿ.ಮೀ. ಹೆಚ್ಚುಕಡಿಮೆಯಾದರೆ ಅವರ ಅಡ್ಡಿಯಿಲ್ಲ. ಎಲ್ಲವೂ ಈ ಮಿತಿಯೊಳಗೇ ಇರುವಾಗ, ಅಳತೆಗಳನ್ನು ಚುಕ್ಕಿಯಾಗಿ ಗುರುತಿಸುವ ನಿಯಂತ್ರಣ ನಕ್ಷೆಯಲ್ಲಿ (ಕಂಟ್ರೋಲ್ ಚಾರ್ಟ್) ಚುಕ್ಕಿ ಗೆರೆ ದಾಟಿತೆಂದು ಲೇತ್ ನಿಲ್ಲಿಸಬೇಕೇ?

ಉತ್ತರ: ನಿಲ್ಲಿಸಿ ನೋಡಬೇಕು. ಡ್ರಾಯಿಂಗ್‌ನ ಮಿತಿ ಗ್ರಾಹಕರು ಹಾಕಿದ್ದು. ನಕ್ಷೆಯ ಗೆರೆಗಳು ನಿಮ್ಮ ಲೇತ್‌ನ ಅಳತೆಗಳಿಂದಲೇ ಹುಟ್ಟಿದವು. ಮಾಲು ಪಾಸಾಗುತ್ತದೆಯೇ ಎಂಬುದನ್ನು ಮೊದಲನೆಯದು ಹೇಳಿದರೆ, ಯಂತ್ರ ನಿನ್ನೆಯಂತೆಯೇ ನಡೆಯುತ್ತಿದೆಯೇ ಎಂಬುದನ್ನು ಎರಡನೆಯದು ಹೇಳುತ್ತದೆ. ಅಳತೆಯ ಸಹಜ ಓಲಾಟವನ್ನೂ ಕಾರಣವಿದ್ದು ಬಂದ ವ್ಯತ್ಯಾಸವನ್ನೂ ಬೇರ್ಪಡಿಸಲೆಂದೇ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಈ ನಕ್ಷೆಯನ್ನು ರೂಪಿಸಿದರು.

ನೀವು ಗಂಟೆಗೊಮ್ಮೆ ಐದು ಶಾಫ್ಟ್ ಅಳೆದು ಸರಾಸರಿ ಗುರುತಿಸುತ್ತೀರಿ ಎನ್ನೋಣ. ಇಂಥ 25 ಗುಂಪುಗಳ ಒಟ್ಟು ಸರಾಸರಿ 25.000 ಆಗಿದ್ದು, ಒಂದೊಂದು ಗುಂಪಿನ ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಳತೆಗಳ ಅಂತರ ಸರಾಸರಿ 0.020 ಇದ್ದರೆ, ಐದರ ಗುಂಪಿಗೆ ಗೊತ್ತಾಗಿರುವ 0.577 ಎಂಬ ಗುಣಕದಿಂದ ಆ ಅಂತರವನ್ನು ಗುಣಿಸಿದಾಗ ಸುಮಾರು 0.012 ಬರುತ್ತದೆ. ಅಲ್ಲಿಗೆ ಗೆರೆಗಳು 24.988 ಮತ್ತು 25.012. ಈಗ ಒಂದು ಗುಂಪಿನ ಸರಾಸರಿ 25.018 ಬಂತು. ಆ ಐದೂ ಶಾಫ್ಟ್‌ಗಳು ಪಾಸಾಗಬಹುದು. ಆದರೆ ಏನೂ ಬದಲಾಗದೆ ಚುಕ್ಕಿ ಗೆರೆಯಾಚೆ ಬೀಳುವುದು ಸಾವಿರಕ್ಕೆ ಸುಮಾರು ಮೂರು ಸಲ ಮಾತ್ರ. ಲೋಹ ಕತ್ತರಿಸುವ ಟೂಲ್ ಸವೆದರೆ ಹೊರವ್ಯಾಸ ಹಿಗ್ಗುತ್ತದೆ, ಆದ್ದರಿಂದ ಮೊದಲು ಅದನ್ನೇ ನೋಡಿ. ಹೊಸ ಸರಳಿನ ಲಾಟ್ ಹಾಕಿದ್ದರೆ ಅದನ್ನೂ ವಿಚಾರಿಸಿ. ಈಗ ಟೂಲ್ ಬದಲಿಸಿದರೆ ಕೆಲವು ನಿಮಿಷ ಹೋಗುತ್ತದೆ. ಹಾಗೇ ಬಿಟ್ಟರೆ ಸವೆತ ಮುಂದುವರಿದು ಮಾಲೇ ರಿಜೆಕ್ಟ್ ಆದೀತು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು, ಅದನ್ನು ಮಾಡುವವರು ಹೆಚ್ಚಾಗಿ ಶ್ರದ್ಧೆಯುಳ್ಳ ಕೆಲಸಗಾರರೇ. ಗೆರೆಯೊಳಗಿನ ಸಣ್ಣ ಏರಿಳಿತಕ್ಕೂ, ಪ್ರತಿ ಶಾಫ್ಟ್ ಅಳೆದ ಮೇಲೂ ವ್ಯತ್ಯಾಸ ಬಂದಷ್ಟೇ ಟೂಲನ್ನು ಹಿಂದೆಮುಂದೆ ಸರಿಸುತ್ತ ಹೋದರೆ ಅಳತೆಗಳ ಚದುರುವಿಕೆ ತಗ್ಗುವುದಿಲ್ಲ. ಗಣಿತದ ಲೆಕ್ಕದಲ್ಲಿ ಚದುರುವಿಕೆಯನ್ನು ಅಳೆಯುವ ವಿಚಲನ ವರ್ಗದ ಸರಾಸರಿ (ವೇರಿಯನ್ಸ್) ಇಮ್ಮಡಿಯಾಗುತ್ತದೆ. ಇನ್ನು ಆಡಿಟ್‌ನ ಹಿಂದಿನ ರಾತ್ರಿ ಕುಳಿತು ಒಂದೇ ಪೆನ್ನಿನಲ್ಲಿ ತುಂಬಿದ ನಕ್ಷೆಗಳ ಬಗ್ಗೆ ಏನು ಹೇಳುವುದು!

ಸರಾಸರಿಯ ನಕ್ಷೆಯ ಮೇಲೆ ಡ್ರಾಯಿಂಗ್‌ನ ಮಿತಿಯನ್ನು ಎಳೆಯಲೇಬೇಡಿ, ಏಕೆಂದರೆ ಐದರ ಸರಾಸರಿ ಒಳಗಿದ್ದು ಅದರಲ್ಲೊಂದು ಶಾಫ್ಟ್ ಹೊರಗಿರಬಹುದು. ಚುಕ್ಕಿಗಳೆಲ್ಲ ಗೆರೆಯೊಳಗೆ ಶಾಂತವಾಗಿದ್ದೂ ಶಾಫ್ಟ್‌ಗಳು ರಿಜೆಕ್ಟ್ ಆಗುತ್ತಿದ್ದರೆ ಮೊದಲು ಸೆಟ್ಟಿಂಗ್ ಸರಿಯಾಗಿ 25ಕ್ಕೇ ಇದೆಯೇ ನೋಡಿ. ಅದು ಸರಿಯಿದ್ದರೆ ಆ ನಿಖರತೆ ಆ ಲೇತ್‌ಗೆ ನಿಲುಕದು ಎಂದರ್ಥ, ಆಪರೇಟರನ್ನು ಬೈದು ಫಲವಿಲ್ಲ.